ಬಾನೆಟ್ ಎತ್ತುವುದಿಲ್ಲ ಎಂದ ಮಾತು

ಮನುಷ್ಯ ಮನುಷ್ಯರ ನಡುವಿನ ಎಲ್ಲ ವ್ಯವಹಾರವೂ ಕೊನೆಗೆ ನಿಂತಿರುವುದು ನಂಬಿಕೆ ಎಂಬ ಒಂದೇ ಕಂಬದ ಮೇಲೆ. ಆ ಕಂಬ ಅಲುಗಿದರೆ ಮೇಲಿನ ಮಾಳಿಗೆ ಎಷ್ಟೇ ಭವ್ಯವಾಗಿದ್ದರೂ ಉಳಿಯುವುದಿಲ್ಲ. ಈ ಸತ್ಯವನ್ನು ನಾನು ಏಕಾಂತದಲ್ಲಿ ಕಣ್ಣು ಮುಚ್ಚಿ ಕುಳಿತು ಕಂಡುಕೊಂಡದ್ದಲ್ಲ. ಕೆ.ಆರ್. ಪುರದ ಒಂದು ಕಾರ್ ಸರ್ವಿಸ್ ಸೆಂಟರಿನ ಎ.ಸಿ. ಕೋಣೆಯಲ್ಲಿ, ಅವರು ಕೊಟ್ಟ ಬಿಟ್ಟಿ ಚಹಾವನ್ನು ಕಾಗದದ ಲೋಟದಲ್ಲಿ ಹೀರುತ್ತಾ ಕಳ್ಳನ ಹಾಗೆ ಕುಳಿತಿದ್ದಾಗ, ಸಿಕ್ಕಿಬಿದ್ದು ಕಂಡುಕೊಂಡೆ. ಚಹಾಕ್ಕೆ ಸಕ್ಕರೆ ಹೆಚ್ಚಾಗಿತ್ತು.

ನಾನು ಹಳೇ ಮದ್ರಾಸು ರಸ್ತೆಯ ಮೇಲಿನ ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಹೊರಗಿನಿಂದ ಬಂದ ಮಾಲನ್ನು ಅಳೆದು, ತಿರುಗಿಸಿ, ತಟ್ಟಿ ನೋಡಿ, ಹಸಿರು ಚೀಟಿಯನ್ನೋ ಕೆಂಪು ಚೀಟಿಯನ್ನೋ ಅಂಟಿಸುವುದು ನನ್ನ ಉದ್ಯೋಗ. ಹಸಿರು ಅಂಟಿಸಿದರೆ ಮಾಲು ಒಳಗೆ. ಕೆಂಪು ಅಂಟಿಸಿದರೆ ಲಾರಿ ಹತ್ತಿ ವಾಪಸ್ಸು. ದೇವರು ಕೂಡ ಇದಕ್ಕಿಂತ ಸರಳವಾಗಿ ಕೆಲಸ ಮಾಡುವುದಿಲ್ಲ. ಈ ಅಭ್ಯಾಸ ನಿವೃತ್ತಿಯ ಸಮಾರಂಭದ ಹಾರದೊಂದಿಗೆ ಕಳಚಿ ಬೀಳಲಿಲ್ಲ. ಇವತ್ತಿಗೂ ಅಂಗಡಿಯಲ್ಲಿ ತೊಗರಿಬೇಳೆಯ ಪೊಟ್ಟಣವನ್ನು ಬೆಳಕಿಗೆ ಹಿಡಿದು ನೋಡದೆ ಚೀಲಕ್ಕೆ ಹಾಕುವವನಲ್ಲ.

"ಮದುವೆಗೆ ಮುಂಚೆ ನನ್ನನ್ನೂ ಹೀಗೇ ಬೆಳಕಿಗೆ ಹಿಡಿದು ನೋಡಿದ್ರಾ?" ಎಂದು ನನ್ನ ಹೆಂಡತಿ ಒಮ್ಮೆ ಅಂಗಡಿಯವನ ಎದುರಿಗೇ ಕೇಳಿದಳು.

"ಇಲ್ಲ."

"ಅದಕ್ಕೇ ಪಾಸಾದೆ," ಅಂದಳು.

ಶಿವಾಜಿನಗರದ ನನ್ನ ಗೆಳೆಯರು ಸಿಕ್ಕಿದ್ದೂ ಈ ಕೆಂಪು ಚೀಟಿಯ ದೆಸೆಯಿಂದಲೇ. ಅವರನ್ನು ನಾನು ಭಾಯ್ ಎಂದು ಕರೆಯುತ್ತೇನೆ. ಇಲ್ಲಿಯೂ ಹಾಗೇ ಕರೆಯುತ್ತೇನೆ. ಅವರದು ಬಾಗಿಲಿನ ಚಿಲಕ, ತಿರುಗಣೆ, ಬೀಗಗಳ ಅಂಗಡಿ. ನಮ್ಮ ಕಾರ್ಖಾನೆಯ ಮರದ ಪೆಟ್ಟಿಗೆಗಳ ಮುಚ್ಚಳಕ್ಕೆ ತಿರುಗಣೆ, ಅಂದರೆ ಹಿಂಜು, ಸರಬರಾಜು ಮಾಡುತ್ತಿದ್ದರು. ನಾನು ಇಲಾಖೆಗೆ ಹೊಸಬನಾಗಿದ್ದಾಗ ಅವರು ಕಳಿಸಿದ ಒಂದು ಇಡೀ ಲಾಟನ್ನು ತಿರಸ್ಕರಿಸಿದ್ದೆ. ತೂತುಗಳು ಕೂದಲೆಳೆಯಷ್ಟು ಅತ್ತಿತ್ತ ಇದ್ದವು. ಬೇರೆ ಸರಬರಾಜುದಾರರಾಗಿದ್ದರೆ ಮೇಲಧಿಕಾರಿಯ ಕೋಣೆಗೆ ಹೋಗುತ್ತಿದ್ದರು. ಭಾಯ್ ನೇರ ನನ್ನ ಮೇಜಿನ ಹತ್ತಿರ ಬಂದು, "ನನ್ನೆದುರಿಗೆ ಒಂದು ಅಳೆದು ತೋರಿಸಿ ಸಾಹೇಬ್ರೇ," ಅಂದರು. ಅಳೆದೆ. ಅವರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಸರಿ, ನಂದೇ ತಪ್ಪು. ನಡೀರಿ, ಚಾ ಕುಡಿಯೋಣ," ಅಂದರು. ಆ ಚಹಾದ ಹಣ ನಾನು ಕೊಡುತ್ತೇನೆಂದು ಹಟ ಹಿಡಿದೆ, ಲಂಚವಾದೀತೆಂದು. ಅವರು ಕ್ಯಾಂಟೀನು ಅಲುಗುವ ಹಾಗೆ ನಕ್ಕರು. ಅವತ್ತಿನಿಂದ ನಾನು ಅವರ ಪಾಲಿಗೆ ಇನ್‌ಸ್ಪೆಕ್ಟರ್ ಸಾಹೇಬ.

ಭಾಯ್ ಹತ್ತಿರ ಒಂದು ಗಾಡಿಯಿತ್ತು. ಡೀಸಲ್ ಗಾಡಿ, ಫೋರ್ ವೀಲ್ ಡ್ರೈವ್, ಬೂದು ಬಣ್ಣದ್ದು, ಆನೆಯಷ್ಟು ಎತ್ತರ. ಅವರ ಹೆಂಡತಿಯ ತವರಿನವರದು ಶ್ರೀನಿವಾಸಪುರದ ಆಚೆ ಒಂದು ಮಾವಿನ ತೋಪಿದೆ. ಮಳೆ ಬಿದ್ದರೆ ಅಲ್ಲಿಗೆ ಬೇರೆ ಗಾಡಿ ಹೋಗುವುದಿಲ್ಲ. ಅದರಲ್ಲಿ ನಾವೂ ಎಷ್ಟೋ ಸಲ ತೋಪಿಗೆ ಹೋಗಿದ್ದೇವೆ. ಒಮ್ಮೆ ನನ್ನ ಹೆಂಡತಿ, ಅಲ್ಲಿ ಎಲ್ಲರಿಗೂ ಇಡ್ಲಿ ಮಾಡಿ ಬಡಿಸುವ ಹುಮ್ಮಸ್ಸಿನಲ್ಲಿ, ಹಿಟ್ಟಿನ ದೊಡ್ಡ ಡಬ್ಬಿಯನ್ನು ಹಿಂದಿನ ಸೀಟಿನ ಮೇಲೆ ಇಟ್ಟಿದ್ದಳು. ಕೋಲಾರ ದಾಟುವಷ್ಟರಲ್ಲಿ ಬಿಸಿಲಿಗೆ ಹಿಟ್ಟು ಉಕ್ಕಿ, ಡಬ್ಬಿಯ ಮುಚ್ಚಳ ಹಾರಿಸಿ, ಸೀಟಿನ ಸಂದಿಗಳಲ್ಲೆಲ್ಲ ಇಳಿಯಿತು. ನಾವಿಬ್ಬರೂ ನಾಚಿಕೆಯಿಂದ ಭೂಮಿಗಿಳಿದು ಹೋದೆವು. ಭಾಯ್ ಮಾತ್ರ, "ಬಿಡಿ ಅಕ್ಕಾ, ನಾವು ಮಾತ್ರ ತಿನ್ಬೇಕಾ? ಗಾಡೀನೂ ಒಂದಿನ ಇಡ್ಲಿ ತಿನ್ಲಿ," ಅಂದರು.

ಕಳೆದ ವರ್ಷ ಅವರ ಮೊಣಕಾಲು ಕೈಕೊಟ್ಟಿತು. ಆ ಗಾಡಿಯ ಕ್ಲಚ್ ತುಳಿಯಲು ಜಟ್ಟಿಯ ಕಾಲು ಬೇಕು. ಮಾರಿಬಿಡುತ್ತೇನೆ ಅಂದರು. ಆಗ ನನ್ನೊಳಗೆ ಒಂದು ಆಸೆ ಎದ್ದಿತು. ನಿವೃತ್ತನಾದ ಮೇಲೆ ಮನುಷ್ಯನಿಗೆ ಎತ್ತರದ ಜಾಗದಲ್ಲಿ ಕೂರಬೇಕೆನ್ನಿಸುತ್ತದೆ. ಕಚೇರಿಯಲ್ಲಿ ಆ ಕುರ್ಚಿ ಸಿಕ್ಕದವನಿಗಂತೂ ಇನ್ನೂ ಹೆಚ್ಚು. ಫೋರ್ ವೀಲ್ ಡ್ರೈವ್ ಯಾಕೆ ಎಂದು ಕೇಳಿದವರಿಗೆ, ಬೆಟ್ಟ ಹತ್ತುವುದಕ್ಕಲ್ಲ, ಮಳೆ ಬಂದು ರಸ್ತೆ ಕೆರೆಯಾದ ಮೇಲೆ ಮಾರತ್ತಹಳ್ಳಿಗೆ ಹೋಗಿಬರುವುದಕ್ಕೆ ಎಂದು ಉತ್ತರ ಸಿದ್ಧಮಾಡಿಟ್ಟುಕೊಂಡೆ. "ತರಕಾರಿ ತರೋಕೆ ಹೋದಾಗ ನಾನು ಇಳಿಯೋದಕ್ಕೆ ಒಂದು ಏಣೀನೂ ತಗೊಳ್ಳಿ," ಎಂದು ಹೆಂಡತಿ ತನ್ನ ಒಪ್ಪಿಗೆಯನ್ನು ದಯಪಾಲಿಸಿದಳು.

ಭಾಯ್ ನಮ್ಮಿಬ್ಬರನ್ನೂ ಫ್ರೇಜರ್ ಟೌನಿನ ತಮ್ಮ ಮನೆಗೆ ಊಟಕ್ಕೆ ಕರೆದರು. ಅಲ್ಲಿ ಅವರ ಅಳಿಯನಿದ್ದ; ಮಾವನ ಅಂಗಡಿಯನ್ನು ಈಗ ಹೆಚ್ಚುಕಡಿಮೆ ಅವನೇ ನೋಡಿಕೊಳ್ಳುವುದು. ಗಾಡಿಯನ್ನು ಫೋನಿನ ಆ್ಯಪಿಗೆ ಹಾಕಿ ಮಾರಬೇಕು, ಒಳ್ಳೆಯ ಬೆಲೆ ಬರುತ್ತದೆ ಎಂಬುದು ಅವನ ವಾದ. ಮನೆಯವರೆಲ್ಲ ಅವನ ಕಡೆ. ಭಾಯ್ ಒಬ್ಬರೇ ನನ್ನ ಕಡೆ. ಊಟ ಮುಗಿದು ಸುಲೇಮಾನಿ ಚಹಾ ಬಂದಾಗ ಅವರು ಮನೆಮಂದಿಯೆಲ್ಲ ಕೇಳುವ ಹಾಗೆ ಅಂದರು:

"ಆ್ಯಪಲ್ಲಿ ಬರೋರು ಬಾನೆಟ್ ಎತ್ತಿ, ಕೆಳಗೆ ಮಲ್ಕೊಂಡು, ಟೈರು ಒದ್ದು, ನನ್ನ ಗಾಡೀನ ಪೊಲೀಸ್ ಸ್ಟೇಷನ್‌ನಲ್ಲಿ ಕಳ್ಳನ್ನ ನೋಡಿದ ಹಾಗೆ ನೋಡ್ತಾರೆ. ಇವರು ನೋಡಿ, ಜೀವನ ಪೂರ್ತಿ ಗೇಜು ಹಿಡ್ಕೊಂಡು ಅಳೆದೋರು. ನನ್ನ ತಿರುಗಣೇನೂ ಬಿಡ್ಲಿಲ್ಲ. ಆದ್ರೆ ನನ್ನ ಗಾಡಿ ಬಾನೆಟ್ ಎತ್ತಲ್ಲ ಇವರು. ಯಾಕೆ? ನಾನು ಸರಿ ಇದೆ ಅಂದಿದೀನಿ, ಅದಕ್ಕೆ."

ಅಳಿಯ ನಯವಾಗಿ ನಕ್ಕ. "ಮಾಮು, ಅವರು ನೋಡಿದ್ರೆ ನಿಮಗೇನು ಬೇಜಾರು? ಅಂಕಲ್, ಸರ್ವಿಸ್ ಹಿಸ್ಟರಿ ಫೈಲ್ ಒಳಗಿದೆ, ತರ್ಲಾ? ಡೀಸಲ್ ಗಾಡಿ, ನೋಡ್ಕೊಂಡ್ರೆ ನಿಮಗೇ ಸಮಾಧಾನ."

ಇಲ್ಲಿ "ತಾರಪ್ಪ" ಎಂಬ ಒಂದು ಮಾತು ಸಾಕಾಗಿತ್ತು. ಭಾಯ್ ಬಹುಶಃ ಒಂದು ಕ್ಷಣ ಮುಖ ಸಣ್ಣಗೆ ಮಾಡುತ್ತಿದ್ದರು, ಆಮೇಲೆ ಅವರೇ ಕನ್ನಡಕ ಏರಿಸಿ ನನ್ನ ಜೊತೆ ಬಗ್ಗಿ ನೋಡುತ್ತಿದ್ದರು. ಆದರೆ ಹೊಟ್ಟೆ ತುಂಬ ಅವರ ಮನೆಯ ಬಿರಿಯಾನಿ ಇಳಿದಿತ್ತು, ಎದುರಿಗೆ ಇಡೀ ಮನೆಯ ಕಣ್ಣುಗಳಿದ್ದವು. ದಾಕ್ಷಿಣ್ಯ ಎಂಬುದು ನಮ್ಮಂಥವರ ಗಂಟಲಿಗೆ ಕಟ್ಟಿದ ಸರಿಗೆಯ ಉತ್ತರೀಯ. ನೋಡಲು ಶೋಭೆ, ಮಾತಾಡಲು ಆಗುವುದಿಲ್ಲ. ನಾನು ಚಹಾದ ಲೋಟವನ್ನು ಕೆಳಗಿಟ್ಟು, ಶಾಸನ ಓದುವವನ ದನಿಯಲ್ಲಿ, "ಫೈಲು ಗೀಲು ಏನೂ ಬೇಡ. ಭಾಯ್ ಮಾತೇ ನನಗೆ ಸರ್ವಿಸ್ ಹಿಸ್ಟರಿ," ಎಂದು ಘೋಷಿಸಿದೆ.

ಭಾಯ್ ಮನೆಯವರ ಕಡೆಗೆ ತಿರುಗಿ ನೋಡಿದ ನೋಟವನ್ನು ನಾನು ಮರೆತಿಲ್ಲ. ಪಂದ್ಯ ಗೆದ್ದವರ ನೋಟ. ನನ್ನ ಹೆಂಡತಿ ಮಾತ್ರ ಮೇಲಿಂದ ಕೆಳಗೆ ನನ್ನನ್ನು ನೋಡಿದಳು, ತೊಗರಿಬೇಳೆ ನೆನಪಾಗಿರಬೇಕು.

ಆ ಘೋಷಣೆ ಮರುದಿನ ಬೆಳಗಿನ ವಾಯುವಿಹಾರದವರೆಗೆ ಬಾಳಿತು. ನಮ್ಮ ಮನೆಯ ಹತ್ತಿರದ ಹಲಸೂರು ಕೆರೆಯ ದಂಡೆಯಲ್ಲಿ ನನ್ನ ಜೊತೆ ನಡೆಯುವವನು ಅದೇ ಕಾರ್ಖಾನೆಯ ಹಳೆಯ ಸಹೋದ್ಯೋಗಿ. ಲೋಕದ ಎಲ್ಲ ಒಳ್ಳೆಯ ಸುದ್ದಿಗೂ ಒಂದು ಸಂಶಯ ಜೋಡಿಸಿ ಕೊಡುವುದು ಅವನ ಸ್ವಭಾವ.

"ಡೀಸಲ್ ಗಾಡಿ, ಅದೂ ಫೋರ್ ವೀಲು, ಹಿಸ್ಟರಿ ನೋಡ್ದೆ ತಗೊಂಡ್ಬಿಟ್ಯಾ ಗುರು?" ಎಂದು ನಡಿಗೆ ನಿಲ್ಲಿಸಿದ.

"ನನ್ನ ಗೆಳೆಯರು ಕಣೋ."

"ಗೆಳೆಯರು ಸರಿ. ಟರ್ಬೋನೂ ನಿನ್ನ ಗೆಳೆಯನಾ? ಟೈಮಿಂಗ್ ಬೆಲ್ಟ್ ಹೋದ್ರೆ ಇಂಜಿನ್ನೇ ಹೋಗುತ್ತೆ. ನಾಲ್ಕು ಚಕ್ರಕ್ಕೂ ಪವರ್ ಕಳಿಸೋಕೆ ಅದಕ್ಕೆ ಬೇರೆ ಗೇರ್‌ಬಾಕ್ಸ್ ಇರುತ್ತೆ, ಅದರ ಆಯಿಲ್ ಯಾರೂ ಬದಲಾಯಿಸಲ್ಲ. ಮತ್ತೆ ತೋಪು ಅಂತೀಯ, ಕೆಸರು ಅಂತೀಯ. ನೀರಿಗೆ ಇಳಿದ ಗಾಡಿಯೇನೋ! ಅವರು ಸುಳ್ಳು ಹೇಳ್ತಾರೆ ಅಂತಲ್ಲ. ಅವರಿಗೇ ಗೊತ್ತಿರಲ್ಲ."

"ಅವರಿಗೇ ಗೊತ್ತಿರಲ್ಲ" ಎಂಬ ಆ ಮಾತಿಗೆ ಎಂಥ ಸೌಕರ್ಯವಿತ್ತು ನೋಡಿ! ಗೆಳೆಯನನ್ನು ಅನುಮಾನಿಸದೆಯೇ ಗೆಳೆಯನ ಗಾಡಿಯನ್ನು ಅನುಮಾನಿಸಬಹುದಿತ್ತು. "ಸರ್ವಿಸ್ ಸೆಂಟರಲ್ಲಿ ನಂಬರ್ ಕೊಟ್ರೆ ಕಂಪ್ಯೂಟರಲ್ಲಿ ಎಲ್ಲ ಬರುತ್ತೆ. ಯಾರಿಗೂ ಗೊತ್ತಾಗಲ್ಲ," ಎಂದೂ ಅವನೇ ದಾರಿ ತೋರಿಸಿದ. ಶಿವಾಜಿನಗರಕ್ಕೆ ಹತ್ತಿರದ ಸೆಂಟರಿಗೆ ಹೋಗುವ ಧೈರ್ಯ ನನಗಾಗಲಿಲ್ಲ. ಯಾರೂ ನನ್ನ ಗುರುತು ಹಿಡಿಯದ ದೂರ ದೇಶ ಬೇಕಿತ್ತು. ಕೆ.ಆರ್. ಪುರ ಆರಿಸಿಕೊಂಡೆ. ಅದೇ ಕಡೆ ವರ್ಷಾನುಗಟ್ಟಲೆ ಕೆಲಸಕ್ಕೆ ಹೋಗಿ ಬಂದವನಿಗೆ ಅದು ದೂರ ದೇಶವಾಗಿ ಕಂಡದ್ದು ಪಾಪಪ್ರಜ್ಞೆಯ ಮಹಿಮೆ. ಹೆಂಡತಿಗೆ ಪಿಂಚಣಿಯ ಕೆಲಸ ಎಂದು ಹೇಳಿ ಮೆಟ್ರೊ ಹತ್ತಿದೆ.

ಸೆಂಟರಿನಲ್ಲಿ ನೀಲಿ ಅಂಗಿಯ ಸರ್ವಿಸ್ ಅಡ್ವೈಸರ್ ಒಬ್ಬ ನನ್ನನ್ನು ಬಹಳ ಆದರದಿಂದ ಕೂರಿಸಿದ. ಗಾಡಿಯ ನಂಬರು ಹೇಳಿ, ಕೊಳ್ಳುವ ಮುಂಚೆ ಹಿಸ್ಟರಿ ನೋಡಬೇಕು ಅಂದೆ. ಅವನು ಒತ್ತಿದ, ನೋಡಿದ, ತಲೆ ಕೆರೆದುಕೊಂಡ.

"ಹಿಸ್ಟರಿ ಸುಮ್ನೆ ಕೊಡಕ್ಕಾಗಲ್ಲ ಸಾರ್. ಓನರ್ ನಿಮಗೇನಾಗ್ಬೇಕು?"

"ನಮ್ಮಣ್ಣ," ಅಂದೆ. ಬಾಯಿಂದ ತಾನಾಗಿ ಬಂತು.

ಅವನು ಪರದೆಯ ಮೇಲಿದ್ದ ಹೆಸರನ್ನು ನೋಡಿದ. ಆಮೇಲೆ ನನ್ನ ಹಣೆಯ ಮೇಲಿದ್ದ ವಿಭೂತಿಯನ್ನು ನೋಡಿದ. ಮತ್ತೊಮ್ಮೆ ಹೆಸರನ್ನು ನೋಡಿದ. ಬೆಂಗಳೂರಿನ ಸಭ್ಯ ತರುಣನಾದ್ದರಿಂದ ಏನೂ ಕೇಳಲಿಲ್ಲ.

"ಸರಿ ಸಾರ್, ಒಂದು ಜಾಬ್ ಕಾರ್ಡ್ ಓಪನ್ ಮಾಡ್ತೀನಿ. ಗಾಡಿ ಸರ್ವಿಸ್‌ಗೆ ಬಂದಿದೆ ಅಂತ ಹಾಕಿದ್ರೆ ಹಿಸ್ಟರಿ ಬರುತ್ತೆ. ಆಮೇಲೆ ಕ್ಯಾನ್ಸಲ್ ಮಾಡ್ಬಿಡ್ತೀನಿ. ಚಾ ಕುಡೀರಿ."

ಚಹಾ ಬಂತು. ಮೊದಲ ಗುಟುಕು ಇಳಿಯುವ ಮುಂಚೆ ಅವನು ತಲೆಯೆತ್ತಿದ. "ಓಟಿಪಿ ಹೇಳಿ ಸಾರ್."

"ಯಾವ ಓಟಿಪಿ?"

"ನಿಮ್ಮಣ್ಣನ ಫೋನಿಗೆ ಹೋಗಿರುತ್ತೆ ಸಾರ್. ಗಾಡಿ ನಮ್ಮ ಹತ್ರ ಬಂತು ಅಂತ ಒಂದು ಮೆಸೇಜ್, ಓಟಿಪಿ ಒಂದು ಮೆಸೇಜ್. ಆಟೊಮ್ಯಾಟಿಕ್ಕು."

ಆ ಕ್ಷಣಕ್ಕೇ ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಭಾಯ್.

"ಇನ್‌ಸ್ಪೆಕ್ಟರ್ ಸಾಹೇಬ್ರೇ," ಅವರ ದನಿ ಯಾವತ್ತಿನ ದನಿಯಾಗಿರಲಿಲ್ಲ. "ನನ್ನ ಗಾಡಿ ಕೆ.ಆರ್. ಪುರ ಸರ್ವಿಸ್ ಸೆಂಟರಿಗೆ ಬಂದಿದೆ ಅಂತ ಮೆಸೇಜ್ ಬಂದಿದೆ. ಬೆಳಿಗ್ಗೆ ನನ್ನ ಹೆಂಡ್ತಿ, ನಾದಿನಿ ಅದರಲ್ಲೇ ತೋಪಿಗೆ ಹೊರಟ್ರು. ಡ್ರೈವರ್ ಫೋನ್ ಸಿಗ್ತಿಲ್ಲ, ಇವಳದ್ದೂ ಸಿಗ್ತಿಲ್ಲ. ದಾರೀಲಿ ಏನೋ ಆಗಿದೆ. ಏನೋ ಆಗಿ ಗಾಡೀನ ಅಲ್ಲಿಗೆ ಎಳ್ಕೊಂಡು ಬಂದಿದಾರೆ."

ಕೋಲಾರದ ದಾರಿ ಹೋಗುವುದೇ ಕೆ.ಆರ್. ಪುರದ ಮೇಲೆ ಎಂಬುದನ್ನು ದೂರ ದೇಶ ಆರಿಸುವಾಗ ನಾನು ಯೋಚಿಸಿರಲಿಲ್ಲ. ಗಾಡಿ ಆ ದಿನ ಆ ದಾರಿಯಲ್ಲಿ ಹೋಗಿದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

"ನಂಗೆ ಕೈಕಾಲು ಆಡ್ತಿಲ್ಲ," ಅಂದರು ಭಾಯ್. "ನಿಮ್ಮನೆಯಿಂದ ನೇರ ಮೆಟ್ರೊ ಇದೆ. ಸ್ವಲ್ಪ ಹೋಗಿ ನೋಡ್ತೀರಾ?"

ಇಲ್ಲಿಯೂ ಒಂದು ಮಾತು ಸಾಕಾಗಿತ್ತು. "ಗಾಡಿಗೆ ಏನೂ ಆಗಿಲ್ಲ ಭಾಯ್, ಇಲ್ಲಿರೋದು ನಾನು." ಆ ವಾಕ್ಯವನ್ನು ನಾನು ಬಾಯೊಳಗೆ ಕಟ್ಟಿಕೊಳ್ಳುತ್ತಿದ್ದಾಗಲೇ ನೀಲಿ ಅಂಗಿಯವನು, "ಸಾರ್, ಓಟಿಪಿ ಎಕ್ಸ್‌ಪೈರ್ ಆಗುತ್ತೆ," ಎಂದು ಗಟ್ಟಿಯಾಗಿ ಅಂದ. ನಾನು ಫೋನಿಗೆ ಅಂಗೈ ಅಡ್ಡ ಹಿಡಿದೆ. ಅಂಗೈ ತೆಗೆದಾಗ ಹೊರಬಿದ್ದ ಮಾತು ಬೇರೆಯೇ ಆಗಿತ್ತು:

"ಗಾಬರಿ ಆಗ್ಬೇಡಿ ಭಾಯ್. ಈಗಲೇ ಹೊರಟೆ."

ಕುಳಿತಿದ್ದ ಕುರ್ಚಿಯಿಂದ ಹೊರಟೆ ಎಂದು ಹೇಳಿದವನು ಬೆಂಗಳೂರಿನಲ್ಲಿ ನಾನೊಬ್ಬನೇ ಅಲ್ಲ; ಈ ಊರಿನಲ್ಲಿ ಎಲ್ಲರೂ ಮನೆಯಲ್ಲಿ ಸ್ನಾನಕ್ಕೆ ಇಳಿಯುವಾಗ ಟಿನ್ ಫ್ಯಾಕ್ಟರಿ ಸಿಗ್ನಲ್ ದಾಟಿದೆ ಅನ್ನುವವರೇ. ಆದರೆ ತಲುಪಿದ ಜಾಗದಲ್ಲೇ ಕೂತು ಹೊರಟೆ ಅಂದವನು ಬಹುಶಃ ನಾನೊಬ್ಬನೇ.

ನನ್ನ ಲೆಕ್ಕಾಚಾರ ಹೀಗಿತ್ತು: ಸ್ವಲ್ಪ ಹೊತ್ತು ಬಿಟ್ಟು ಫೋನು ಮಾಡುವುದು, ಬಂದು ನೋಡಿದೆ, ಗಾಡಿ ಇಲ್ಲಿಲ್ಲ, ಕಂಪ್ಯೂಟರಿನ ತಪ್ಪು ಎನ್ನುವುದು, ಅವರ ಜೀವಕ್ಕೆ ಸಮಾಧಾನ, ನನ್ನ ಮಾನಕ್ಕೂ ಸಮಾಧಾನ. ಜಾಬ್ ಕಾರ್ಡ್ ಕ್ಯಾನ್ಸಲ್ ಮಾಡಲು ಹೇಳಿದೆ. "ಅದಕ್ಕೂ ಓಟಿಪಿ ಬೇಕು ಸಾರ್," ಅಂದ. ತಕ್ಕಷ್ಟು ಹೊತ್ತು ಬಿಟ್ಟು ಭಾಯ್‌ಗೆ ಫೋನು ಮಾಡಿದೆ. ಲೈನು ಬಿಜಿ. ಮತ್ತೆ ಮಾಡಿದೆ. ಬಿಜಿ. ಅವರು ಬಿಡುವಿಲ್ಲದೆ ಹೆಂಡತಿಯ ನಂಬರನ್ನೇ ಒತ್ತುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು. ಎದ್ದು ಹೊರಟುಬಿಡೋಣ ಅನ್ನಿಸಿತು. ಆದರೆ ಹೋಗಿ ನೋಡುತ್ತೇನೆ ಎಂದು ಮಾತು ಕೊಟ್ಟ ಜಾಗವನ್ನು ಬಿಟ್ಟು ಹೋಗುವುದು ಹೇಗೆ? ನಾನು ಆ ಹೊತ್ತಿನಲ್ಲಿ ಮಾತು ಉಳಿಸಿಕೊಳ್ಳುವ ಬಗ್ಗೆ ಯೋಚಿಸುತ್ತಿದ್ದೆ ಎಂದು ಬರೆಯುವಾಗ ನನಗೇ ನಾಚಿಕೆಯಾಗುತ್ತದೆ.

ಗಾಜಿನ ಬಾಗಿಲು ತೆರೆಯಿತು. ಭಾಯ್.

ನನ್ನನ್ನು ಕಳಿಸಿ ಅಂಗಡಿಯಲ್ಲಿ ಕೂರಲು ಅವರಿಂದ ಆಗಿರಲಿಲ್ಲ. ಆಟೋದಲ್ಲಿ ಹಲಸೂರಿನವರೆಗೆ ಬಂದು, ಲಿಫ್ಟು ಹುಡುಕುವ ತಾಳ್ಮೆಯಿಲ್ಲದೆ ಆ ಮೊಣಕಾಲಿನಲ್ಲೇ ಮೆಟ್ಟಿಲು ಹತ್ತಿ ಮೆಟ್ರೊ ಹಿಡಿದಿದ್ದರು. ತಲೆಯ ಮೇಲೆ ಟೋಪಿ ಇರಲಿಲ್ಲ. ಟೋಪಿಯಿಲ್ಲದೆ ಅವರು ಬೀದಿಗಿಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನನ್ನು ಕಂಡದ್ದೇ ಅವರ ಮುಖ ಅರಳಿತು. "ಬಂದ್ಬಿಟ್ರಾ! ಆಗಲೇ ಬಂದ್ಬಿಟ್ರಾ! ಎಲ್ಲಿದಾರೆ ಅವರು?" ಎಂದು ನನ್ನ ಎರಡೂ ಕೈ ಹಿಡಿದುಕೊಂಡರು. ನನ್ನ ಒಂದು ಕೈಯಲ್ಲಿ ಚಹಾದ ಲೋಟವಿತ್ತು.

ನೀಲಿ ಅಂಗಿಯವನು ಎದ್ದು ಬಂದ. "ಓನರ್ರಾ ಸಾರ್? ಒಳ್ಳೇದಾಯ್ತು. ನಿಮ್ಮ ತಮ್ಮ ಆಗಿಂದ ಕಾಯ್ತಿದಾರೆ. ಹಿಸ್ಟರಿ ತೆಗೆಯೋಕೆ ಓಟಿಪಿ ಬೇಕಿತ್ತು."

"ಯಾವ ಹಿಸ್ಟರಿ? ಗಾಡಿ ಎಲ್ಲಿ?"

"ಗಾಡಿ ಬಂದಿಲ್ಲ ಸಾರ್. ತಗೊಳೋಕೆ ಮುಂಚೆ ಹಿಸ್ಟರಿ ನೋಡ್ಬೇಕು ಅಂತ ಇವರು ಕೇಳಿದ್ರು."

ಭಾಯ್ ನನ್ನ ಕೈಗಳನ್ನು ಬಿಟ್ಟರು. ಒರಟಾಗಿ ಅಲ್ಲ, ಅಂಗಡಿಯಲ್ಲಿ ಗಿರಾಕಿ ಬೇಡವೆಂದ ಚಿಲಕವನ್ನು ಮರಳಿ ಪೆಟ್ಟಿಗೆಗೆ ಇಡುವ ಹಾಗೆ. ಆ ಹೊತ್ತಿಗೆ ಸರಿಯಾಗಿ ಅವರ ಫೋನು ಬಡಿದುಕೊಂಡಿತು. ಅವರ ಹೆಂಡತಿ. ತೋಪಿನಲ್ಲಿ ಸಿಗ್ನಲ್ ಇರಲಿಲ್ಲ, ಈಗ ರಸ್ತೆಗೆ ಬಂದಿದ್ದೇವೆ, ಇಷ್ಟೊಂದು ಸಲ ಫೋನು ಯಾಕೆ, ಏನಾಯಿತು ನಿಮಗೆ ಎಂದು ಆಕೆ ಗದರುವುದು ನನಗೂ ಕೇಳಿಸುತ್ತಿತ್ತು. ಭಾಯ್ ಕುರ್ಚಿಯ ಮೇಲೆ ಕುಸಿದು ಕುಳಿತು, ಕಣ್ಣು ಮುಚ್ಚಿಕೊಂಡು, ಕೈಯನ್ನು ಎದೆಯ ಮೇಲಿಟ್ಟುಕೊಂಡರು. ನಾನು ನೀರು ತಂದುಕೊಟ್ಟೆ. ಕುಡಿದರು. ಆಮೇಲೆ ಅಡ್ವೈಸರಿಗೆ ಹೇಳಿ ಹೊಸ ಓಟಿಪಿ ತರಿಸಿಕೊಂಡು, ಕನ್ನಡಕ ಏರಿಸಿ, ಅದನ್ನು ಒಂದೊಂದೇ ಅಂಕಿಯಾಗಿ ಓದಿ ಹೇಳಿದರು.

"ಬೇಡ ಭಾಯ್," ಅಂದೆ.

"ಯಾಕೆ ಬೇಡ? ಅಷ್ಟು ದೂರ ಬಂದಿದೀರ. ನೋಡಿ."

ಹಾಳೆಗಳು ಬಂದವು. ನಾನು ಅವನ್ನು ಮಡಿಚಿ ಜೇಬಿಗಿಡಲು ಹೋದೆ. "ಓದಿ," ಅಂದರು. "ಗಟ್ಟಿಯಾಗಿ ಓದಿ. ನಂಗೂ ಗೊತ್ತಾಗ್ಲಿ ನನ್ನ ಗಾಡಿಗೇನಾಗಿದೆ ಅಂತ."

ಓದಿದೆ. ಇಂಜಿನ್ ಆಯಿಲ್ ಬದಲಾಯಿಸಿದೆ. ಡೀಸಲ್ ಫಿಲ್ಟರ್ ಬದಲಾಯಿಸಿದೆ. ಟೈಮಿಂಗ್ ಬೆಲ್ಟು ಹೇಳಿದ ಸಮಯಕ್ಕೆ ಮುಂಚೆಯೇ ಬದಲಾಗಿದೆ. ಯಾರೂ ಬದಲಾಯಿಸುವುದಿಲ್ಲವೆಂದು ಕೆರೆಯ ದಂಡೆಯಲ್ಲಿ ಕೇಳಿದ್ದ ಆ ಎರಡನೆಯ ಗೇರ್‌ಬಾಕ್ಸಿನ ಆಯಿಲೂ ಬದಲಾಗಿದೆ, ಪ್ರತಿ ಮಳೆಗಾಲದ ನಂತರ. ಅಷ್ಟು ನೀರಸವಾದ, ಅಷ್ಟು ನಿಷ್ಕಳಂಕವಾದ ವರದಿಯನ್ನು ನಾನು ಇಡೀ ನೌಕರಿಯಲ್ಲಿ ಓದಿರಲಿಲ್ಲ. ಒಂದು ತಿರುಗಣೆಯೂ ಕೂದಲೆಳೆಯಷ್ಟು ಅತ್ತಿತ್ತ ಇರಲಿಲ್ಲ. ಇಡೀ ಚರಿತ್ರೆಯಲ್ಲಿ ಒಂದೇ ಒಂದು ದೂರು: ಹಿಂದಿನ ಸೀಟಿನಿಂದ ಹುಳಿ ವಾಸನೆ, ಸೀಟು ಬಿಚ್ಚಿ ತೊಳೆಯಲಾಗಿದೆ.

ಅದನ್ನು ಓದಿ ನಾನು ತಲೆಯೆತ್ತಿದೆ. ಭಾಯ್ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದರು.

"ಅವತ್ತು ತಿರುಗಣೆ," ಅಂದರು. "ಇಡೀ ಲಾಟ್ ವಾಪಸ್ ಕಳಿಸಿದ್ರಿ. ನಂಗೆ ಎಷ್ಟು ಲಾಸ್ ಆಯ್ತು ಗೊತ್ತಾ? ಆದ್ರೂ ನಿಮ್ಮನ್ನ ಚಾಗೆ ಕರೆದೆ. ಯಾಕೆ ಹೇಳಿ?"

ನಾನು ಹಾಳೆಗಳನ್ನು ಮಡಿಚತೊಡಗಿದೆ.

"ನನ್ನ ಎದುರಿಗೆ ಅಳೆದ್ರಿ, ಅದಕ್ಕೆ. ಇದನ್ನೂ ನನ್ನ ಎದುರಿಗೇ ಅಳೀಬೋದಿತ್ತಲ್ಲ ಸಾಹೇಬ್ರೇ. ಅಳಿಯ ಫೈಲು ತರ್ತೀನಿ ಅಂದ. ನೀವೇ ಬೇಡ ಅಂದ್ರಿ. ನಾನು ಮನೆಯವರ ಮುಂದೆ ಎದೆ ಉಬ್ಬಿಸ್ಕೊಂಡು ಕೂತೆ."

ಮತ್ತೆ ಅವರ ಫೋನು ಬಡಿದುಕೊಂಡಿತು. ಈ ಸಲ ಅಳಿಯ. ಮಾವ ಟೋಪಿಯನ್ನೂ ಬಿಟ್ಟು ಅಂಗಡಿಯಿಂದ ಓಡಿಹೋದ ಸುದ್ದಿ ಅವನಿಗೆ ತಲುಪಿತ್ತು. ಕೆ.ಆರ್. ಪುರಕ್ಕೆ ಗಾಡಿ ಬಂದಿದೆ ಅಂದರಂತೆ, ಅಮ್ಮಿಗೆ ಏನಾಯಿತು, ಮೆಸೇಜು ಯಾಕೆ ಬಂತು ಎಂದು ಒಂದೇ ಉಸಿರಿಗೆ ಕೇಳುತ್ತಿದ್ದ. ಭಾಯ್ ನನ್ನನ್ನು ನೋಡಿದರು. ಈಗ ಹೇಳುತ್ತಾರೆ, ಫ್ರೇಜರ್ ಟೌನಿನ ಆ ಮನೆಯ ಪ್ರತಿ ಕೋಣೆಯಲ್ಲೂ ಸಂಜೆಯೊಳಗೆ ನನ್ನ ಘೋಷಣೆಯನ್ನು ಅಣಕಿಸುತ್ತಾರೆ ಎಂದುಕೊಂಡೆ. ಹೇಳಲಿ ಎಂದೂ ಅನ್ನಿಸಿತು.

"ಮೈಚ್ ಭೇಜಾ ಥಾ ಉನೋಕು," ಅಂದರು ಭಾಯ್. ನಾನೇ ಕಳಿಸಿದ್ದೆ ಅವರನ್ನು, ಎಂದು. ಮುಂದಿನದನ್ನೂ ದಖನಿ ಉರ್ದುವಿನಲ್ಲೇ ಹೇಳಿದರು. ಶಿವಾಜಿನಗರದ ಚಹಾ ಅಂಗಡಿಗಳಲ್ಲಿ ಇಷ್ಟು ವರ್ಷ ಕೂತವನಿಗೆ ಅದು ಅರ್ಥವಾಗದೆ ಇರುತ್ತದೆಯೇ? ಗಾಡಿ ಕೊಡುವ ಮುಂಚೆ ಪೇಪರು ಹೊಸದಾಗಿ ತೆಗೆಸಿ ಇಡೋಣ ಅಂತ ನಾನೇ ಇವರನ್ನು ಕಳಿಸಿದ್ದೆ. ನನಗೇ ಮರೆತುಹೋಗಿತ್ತು. ವಯಸ್ಸಾಯಿತು. ಇವರೇನು, ಪಾಪ, ಮುಟ್ಟುವುದಕ್ಕೂ ಬೇಡ ಅನ್ನುತ್ತಿದ್ದಾರೆ.

ಆ ಕಡೆಯಿಂದ ಅಳಿಯ ನಕ್ಕದ್ದು ಕೇಳಿಸಿತು. ಮಾವನ ಮರೆವಿಗೆ ನಗುತ್ತಿದ್ದ. ಭಾಯ್ ಆ ನಗುವನ್ನು ಕೊನೆಯವರೆಗೆ ಕೇಳಿ ಫೋನು ಇಟ್ಟರು.

ತಮ್ಮ ಮಾತಿಗೆ ಬೆಲೆಯಿದೆ ಎಂದು ಮನೆಮಂದಿಗೆ ತೋರಿಸಲು ಹೊರಟವರು ನನಗಾಗಿ ಆ ಮಾತನ್ನೇ ಸುಳ್ಳಿಗೆ ಬಳಸಿದರು, ಅದೂ ತಮ್ಮನ್ನು ಮರೆಗುಳಿ ಮುದುಕನನ್ನಾಗಿ ಮಾಡಿಕೊಂಡು. ಬೈದಿದ್ದರೆ ನಾನು ತಲೆ ತಗ್ಗಿಸಿ ಬೈಸಿಕೊಂಡು ಮನೆಗೆ ಬಂದು ಊಟ ಮಾಡುತ್ತಿದ್ದೆ. ನನ್ನ ಕಾರ್ಖಾನೆಯ ಭಾಷೆಯಲ್ಲಿ ಹೇಳುವುದಾದರೆ, ಕೆಂಪು ಚೀಟಿ ಅಂಟಬೇಕಾದ ಮಾಲಿಗೆ ಅವರು ಹಸಿರು ಚೀಟಿ ಅಂಟಿಸಿ ಕಳಿಸಿದ್ದರು. ಅಂಥ ಕೆಲಸ ಮಾಡಿದವರನ್ನು ನಾನು ನೌಕರಿಯಲ್ಲಿದ್ದಾಗ ಮೆಮೊ ಕೊಟ್ಟು ವಿಚಾರಿಸುತ್ತಿದ್ದೆ.

"ಭಾಯ್, ಗಾಡೀನ ಆ್ಯಪಲ್ಲೇ ಹಾಕಿ ಮಾರಿಬಿಡಿ," ಅಂದೆ. "ನನಗೆ ಬೇಡ. ನನಗೆ ಯೋಗ್ಯತೆ ಇಲ್ಲ."

ಅವರು ಮೊದಲ ಸಲ ಸಿಟ್ಟಾದರು. "ಬೇಡ ಅನ್ನೋ ಹಾಗಿಲ್ಲ ಈಗ. ನೀವು ಹಿಸ್ಟರಿ ನೋಡಿ ಆಮೇಲೆ ಬೇಡ ಅಂದ್ರೆ, ಮನೇಲಿ ಏನಂದ್ಕೋತಾರೆ? ಗಾಡೀಲಿ ಏನೋ ಐಬಿದೆ ಅಂತಾರೆ. ಇಲ್ಲಾ ನಿಮ್ಮಲ್ಲಿ ಐಬಿದೆ ಅಂತಾರೆ. ತಗೊಳ್ಳಿ. ತಗೊಳ್ಳಲೇಬೇಕು."

ಹೀಗೆ, ನಾನು ಬಹಳ ಆಸೆಪಟ್ಟ ಆ ಗಾಡಿಯನ್ನು ದಂಡ ಕಟ್ಟುವವನ ಹಾಗೆ ಕೊಂಡೆ. ವಾಪಸ್ಸು ಬರುವಾಗ ಮೆಟ್ರೊದಲ್ಲಿ ನಮ್ಮಿಬ್ಬರಿಗೂ ಸೀಟು ಸಿಕ್ಕಿತು. ಪಕ್ಕಪಕ್ಕದಲ್ಲೇ ಕುಳಿತೆವು. ಅವರು ಕಿಟಕಿಯಾಚೆ ನೋಡುತ್ತಿದ್ದರು, ನಾನು ನನ್ನ ಚಪ್ಪಲಿಯನ್ನು. ಇಂದಿರಾನಗರ ದಾಟಿದ ಮೇಲೆ, "ಮೊಣಕಾಲು ನೋಯ್ತಿದೆಯಾ?" ಎಂದು ಕೇಳಿದೆ. "ಇಲ್ಲ," ಅಂದರು. ಎರಡೂ ಕೈಯಲ್ಲಿ ಅದನ್ನು ಅದುಮಿ ಹಿಡಿದಿದ್ದರು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೆಂಡತಿಗೆ ಹೇಳಿದೆ. ಅವಳ ನಾಲಿಗೆಯಿಂದ ಒಂದು 'ತೊಗರಿಬೇಳೆ' ಬರಲಿ ಎಂದು ಕಾದೆ. ಬರಲಿಲ್ಲ. "ಹೋಗಿ ಕೈಕಾಲು ತೊಳ್ಕೊಂಡು ಬನ್ನಿ," ಅಂದಳು, ಸಾವಿನ ಮನೆಗೆ ಹೋಗಿ ಬಂದವರಿಗೆ ಹೇಳುವ ದನಿಯಲ್ಲಿ.

ಗಾಡಿ ನನ್ನ ಹೆಸರಿಗೆ ಬರುವ ದಿನ ಭಾಯ್ ಅದನ್ನು ತೊಳೆಸಿ ನಮ್ಮ ಬೀದಿಗೆ ತರಿಸಿದರು. ತಾವು ಮಾತ್ರ ಆಟೋದಲ್ಲಿ ಬಂದರು. ಬೀಗದ ಕೈ ಕೊಡುವ ಮುಂಚೆ ತಾವೇ ಬಾನೆಟ್ ಎತ್ತಿ ನಿಲ್ಲಿಸಿ, "ನೋಡ್ಕೊಳ್ಳಿ," ಅಂದರು. ಪಕ್ಕದ ಮನೆಯವರು ನೋಡುತ್ತಿದ್ದರು. ನಾನು ಬಗ್ಗಿ ನೋಡಿದೆ. ಇಂಜಿನ್ನು ಇತ್ತು. ನನಗೆ ಕಂಡದ್ದು ಅಷ್ಟೇ. ಕಣ್ಣು ಮಂಜಾಗಿತ್ತು.

ನಮ್ಮ ಚಹಾ ನಿಂತಿಲ್ಲ. ವಾರಕ್ಕೊಮ್ಮೆ ಶಿವಾಜಿನಗರಕ್ಕೆ ಹೋಗುತ್ತೇನೆ, ಭಾಯ್ ಮೊದಲಿನಂತೆಯೇ ಮಾತಾಡುತ್ತಾರೆ, ಅಳಿಯ ಮೊದಲಿಗಿಂತ ಹೆಚ್ಚು ಗೌರವ ಕೊಡುತ್ತಾನೆ. ಆ ಗೌರವ ನುಂಗುವುದು ಚಹಾ ನುಂಗುವುದಕ್ಕಿಂತ ಕಷ್ಟ. ಈ ಬೇಸಿಗೆಯಲ್ಲಿಯೂ ಪ್ರತಿವರ್ಷದಂತೆ ತೋಪಿನಿಂದ ನಮ್ಮ ಮನೆಗೆ ಮಾವಿನಹಣ್ಣಿನ ಬುಟ್ಟಿ ಬಂತು. ಯಾವತ್ತೂ ಅದರ ಬಾಯಿಗೆ ಗೋಣಿ ಹೊಲಿದು ಕಳಿಸುತ್ತಿದ್ದರು. ಈ ಸಲ ಹೊಲಿದಿರಲಿಲ್ಲ. ತಲುಪಿತೆಂದು ಹೇಳಲು ಫೋನು ಮಾಡಿದಾಗ, "ಒಂದೊಂದೇ ನೋಡ್ಕೊಂಡು ಇಟ್ಕೊಳ್ಳಿ ಇನ್‌ಸ್ಪೆಕ್ಟರ್ ಸಾಹೇಬ್ರೇ," ಎಂದು ನಕ್ಕರು. ನಾನೂ ನಕ್ಕೆ. ಹಣ್ಣುಗಳೆಲ್ಲ ಚೆನ್ನಾಗಿದ್ದವು. ನಾನು ಒಂದನ್ನೂ ಬೆಳಕಿಗೆ ಹಿಡಿಯಲಿಲ್ಲ.

ಎಷ್ಟೋ ಸಲ ಕೇಳಿದ್ದೇನೆ, ಬನ್ನಿ ಭಾಯ್, ನಾನು ಮನೆಗೆ ಬಿಡುತ್ತೇನೆ, ಇಲ್ಲೇ ತಾನೆ ಫ್ರೇಜರ್ ಟೌನು ಎಂದು. "ಮೊಣಕಾಲು ಸಾಹೇಬ್ರೇ, ಅಷ್ಟೆತ್ತರ ಹತ್ತೋಕಾಗಲ್ಲ," ಅನ್ನುತ್ತಾರೆ. ಮೆಟ್ರೊದ ಮೆಟ್ಟಿಲು ಅದಕ್ಕಿಂತ ಎತ್ತರ ಎಂದು ಇಬ್ಬರಿಗೂ ಗೊತ್ತು. ಆಟೋ ಬರುತ್ತದೆ, ಅವರು ಹೋಗುತ್ತಾರೆ.

ಗಾಡಿ ಈಗ ಹಲಸೂರಿನಲ್ಲಿ ನಮ್ಮ ಮನೆಯ ಮುಂದೆ ನಿಂತಿದೆ. ಇಂಜಿನ್ ಚೆನ್ನಾಗಿದೆ. ಸರ್ವಿಸ್ ಸರಿಯಾದ ಸಮಯಕ್ಕೆ ಆಗುತ್ತಿದೆ. ಭಾಯ್ ಅದರಲ್ಲಿ ಇದುವರೆಗೆ ಕೂತಿಲ್ಲ.